ಸಿಮ್ಲಾದ ಹೊಗೆಗೂಡುಗಳು

ದೆಹಲಿಯಲ್ಲಿ ನೆಲೆಸಿದ ನಮ್ಮವರಿಗೆ ಸಿಮ್ಲಾ ಅಪರಿಚಿತ ಊರೇನಲ್ಲ. 1903ರಲ್ಲಿ ಆರಂಭವಾದ ಕಾಲ್ಕಾದ ಪುಟ್ಟ ರೈಲನ್ನು ಹತ್ತಿ, ನೂರಕ್ಕೂ ಮೇಲ್ಪಟ್ಟ ಸುರಂಗಗಳನ್ನು ಮಕ್ಕಳೊಡನೆ ಎಣಿಸದವರು ವಿರಳ. ಆದರೆ ಬೇಸಿಗೆಯ ಸಿಮ್ಲಾ ಬೇರೆ, ಹಿಮ ಬಿದ್ದಾಗಿನ ಸಿಮ್ಲಾವೇ ಬೇರೆ. ನಾವು ಹೋದದ್ದು ಜನವರಿಯಲ್ಲಿ.

ಇಳಿದುಕೊಂಡದ್ದು ಬ್ರಿಟಿಷರ ಕಾಲದ ಹಳೆಯ ಬಂಗಲೆಯೊಂದರಲ್ಲಿ. ರಾತ್ರಿ ಅಗ್ಗಿಷ್ಟಿಕೆಗೆ ಸೌದೆ ಹಾಕಿಸಿ ಸುತ್ತಲೂ ಕುಳಿತೆವು. ಅರ್ಧ ಗಂಟೆಯೊಳಗೆ ಕೋಣೆಯ ತುಂಬ ಹೊಗೆ! ಚಿಕ್ಕವಳು ಕೆಮ್ಮತೊಡಗಿದಳು, ನನ್ನಾಕೆ ಕಿಟಕಿಗಳನ್ನೆಲ್ಲ ತೆರೆದಳು. ಬೆಂಕಿ ಆರಿಸಿ, ಇದ್ದಬದ್ದ ಕಂಬಳಿಗಳನ್ನು ಹೊದ್ದು ಬೆಳಗು ಮಾಡಿದೆವು. ಹೊಗೆಯಾದರೂ ಕಣ್ಣಿಗೆ ಕಂಡು ಎಚ್ಚರಿಸಿತು. ಅದರೊಡನೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿ ಮಲಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಎದೆ ಝಲ್ಲೆನ್ನುತ್ತದೆ.

ಬೆಳಗ್ಗೆ ಮುದುಕ ಮೇಸ್ತ್ರಿಯೊಬ್ಬ ಬಂದ. ಸೂರು ಹತ್ತಲಿಲ್ಲ, ನಮ್ಮನ್ನು ಮೇಲಿನ ರಸ್ತೆಗೆ ಕರೆದೊಯ್ದ. ಗುಡ್ಡದ ಊರಲ್ಲವೆ, ಕೆಳಗಿನ ಮನೆಯ ಹೊಗೆಗೂಡು ಅಲ್ಲಿ ಕಣ್ಣಿನ ಮಟ್ಟಕ್ಕೇ ಬರುತ್ತದೆ! "ನೋಡಿ ಬಾಬೂಜಿ, ಸಿಮೆಂಟು ಗಟ್ಟಿಯಾಗಿಯೇ ಇದೆ, ಇಟ್ಟಿಗೆ ಸತ್ತಿದೆ" ಎಂದ.

ಹಗಲು ಕರಗಿದ ಹಿಮದ ನೀರು ಇಟ್ಟಿಗೆಯೊಳಕ್ಕೆ ಇಳಿಯುತ್ತದೆ. ರಾತ್ರಿ ಹೆಪ್ಪುಗಟ್ಟಿದಾಗ ಅದು ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಸುಣ್ಣದ ಗಾರೆ ಮೆತು. ತೇವವನ್ನು ಸಂದಿನಿಂದ ಹೊರಗೆ ಬಿಟ್ಟುಕೊಡುತ್ತದೆ, ಸವೆದರೆ ತಾನು ಸವೆಯುತ್ತದೆ. ಗಟ್ಟಿ ಸಿಮೆಂಟು ಹಾಗಲ್ಲ. ತೇವ ಇಟ್ಟಿಗೆಯಲ್ಲೇ ಉಳಿದು, ಅದರ ಮುಖವೇ ಹಪ್ಪಳದಂತೆ ಎದ್ದು ಬೀಳುತ್ತದೆ. ಹಾಗೆ ಒಳಗೆ ಬಿದ್ದ ಚೂರುಗಳೂ ಹಳೆಯ ಮಸಿಯೂ ಸೇರಿ ನಮ್ಮ ಹೊಗೆಯ ದಾರಿಯನ್ನು ಕಟ್ಟಿದ್ದವು. ದುರಸ್ತಿ ಮಾಡಿಸಿದವರು ಒಳ್ಳೆಯದನ್ನೇ ಬಯಸಿದ್ದರು, ಪಾಪ!

ಮೇಸ್ತ್ರಿಯ ಲೆಕ್ಕ ಹೀಗಿತ್ತು: ಸಂದುಗಳ ಸಿಮೆಂಟನ್ನು ಉಳಿಯಿಂದ ಒಂದಂಗುಲ ಆಳಕ್ಕೆ ಮೆಲ್ಲನೆ ಕೆತ್ತಿ ತೆಗೆಯಬೇಕು, ಯಂತ್ರ ಹಚ್ಚಿದರೆ ಇಟ್ಟಿಗೆಯ ಅಂಚು ಹೋಗುತ್ತದೆ. ಸತ್ತ ಇಟ್ಟಿಗೆ ಬದಲಿಸಿ ಸುಣ್ಣದ ಗಾರೆ ತುಂಬಬೇಕು. ನೆತ್ತಿಯ ಮೇಲೆ ಇಳಿಜಾರಾದ ಹಾಸು ಬೇಕು, ಅದು ನಾಲ್ಕೂ ಕಡೆ ಗೋಡೆಯಿಂದ ಹೊರಚಾಚಿರಬೇಕು. ಸೂರು ಸೇರುವಲ್ಲಿ ಸೀಸದ ತಗಡು. ನೀರು ಹಿಡಿಯದ ಬಣ್ಣ ಬಳಿದರಾಗದೆ ಎಂದು ಬಂಗಲೆಯವರು ಕೇಳಿದರು. ಒಳಗಿನ ತೇವಕ್ಕೆ ಅದೂ ಸಿಮೆಂಟಿನಂತೆಯೇ ಬಾಗಿಲು ಹಾಕುತ್ತದೆಂದು ಆತ ತಲೆಯಾಡಿಸಿದ.

ಹಸಿ ಗಾರೆಗೆ ಹಿಮ ತಗುಲಕೂಡದು. ಆದ್ದರಿಂದ ಕೆಲಸ ಏಪ್ರಿಲಿಗೆ ನಿಂತಿತು. ಉಳಿದ ಎರಡು ರಾತ್ರಿ ನಾವು ವಿದ್ಯುತ್ ಹೀಟರಿನ ಮುಂದೆ ಕಳೆದೆವು.