ಹುಲ್ಲಿನ ಮೇಲೆ ಗಾಲಿ

ಭದ್ರಾವತಿಯ ನ್ಯೂ ಟೌನಿನಲ್ಲಿ ಬಾಳಿದವರಿಗೆ ದೊಡ್ಡ ಯಂತ್ರಗಳೊಡನೆ ಒಂದು ಬಗೆಯ ಸಲಿಗೆಯುಂಟು. ಒಂದು ಕಾಲಕ್ಕೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಮೇಲೆ, ಇಲ್ಲಿನ ಜನರ ಮಾತಿನಲ್ಲಿ ಸೇರು ಮಣಗಳು ಹಿಂದಾಗಿ ಟನ್ನುಗಳು ಮುಂದಾದವು. ದೊಡ್ಡದನ್ನು ಕಂಡರೆ ಗೌರವ, ಚಿಕ್ಕದನ್ನು ಕಂಡರೆ ಅನುಕಂಪ. ಇದು ಕಾರ್ಖಾನೆಯೊಳಗೆ ಶೋಭಿಸುವ ಗುಣವೇ ಸರಿ. ಆದರೆ ಹುಲ್ಲಿನ ಮೇಲೆ?

ಕಾರ್ಖಾನೆಯ ಯಂತ್ರವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಯಜಮಾನರೊಬ್ಬರ ಮನೆಯೆದುರು ಸುಮಾರು ಒಂದು ಎಕರೆಯ ಹುಲ್ಲುಬಯಲೊಂದಿತ್ತು. ಮಕ್ಕಳಿಗೆ ಅದು ಆಟದ ಅಂಗಳ, ಮುದುಕರಿಗೆ ಹರಟೆಯ ಚಾವಡಿ. ಯಜಮಾನರ ಪತ್ನಿಗೆ ಮಾತ್ರ ಅದು ಔಷಧಾಲಯ. ಮಂಡಿನೋವಿನ ಆಕೆ ಬೆಳಗಿನ ಜಾವ ಇಬ್ಬನಿಯ ಮೇಲೆ ಬರಿಗಾಲಿನಲ್ಲಿ ನಾಲ್ಕು ಸುತ್ತು ನಡೆಯದೆ ಕಾಫಿ ಮುಟ್ಟುತ್ತಿರಲಿಲ್ಲ.

ಕುಡುಗೋಲಿನಿಂದ ಹುಲ್ಲು ಕೊಯ್ಯುವ ಆಳುಗಳು ದುರ್ಲಭವಾದಾಗ ನೆರೆಹೊರೆಯವರು ಸಭೆ ಸೇರಿದರು. ಗದ್ದೆ ತೋಟಗಳುಳ್ಳ ಅಳಿಯ ಧಾರಾಳವಾಗಿ ಮುಂದೆ ಬಂದ. “ಮಾವ, ನಮ್ಮ ಟ್ರ್ಯಾಕ್ಟರು ಇರುವಾಗ ಯೋಚನೆ ಏತಕ್ಕೆ? ಆರಡಿ ಅಗಲದ ಕತ್ತಿ ಜೋಡಿಸಿದರೆ ಅರ್ಧ ಗಂಟೆಯ ಕೆಲಸ!”

ಅವನ ಮಾತು ಸುಳ್ಳಾಗಲಿಲ್ಲ. ಆಷಾಢದ ಒಂದು ದಿನ, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ, 45 ಅಶ್ವಶಕ್ತಿಯ ಆ ಟ್ರ್ಯಾಕ್ಟರು ಗರ್ಜಿಸುತ್ತ ಬಂದು ಬಯಲನ್ನು ಬೋಳಿಸಿ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಯಜಮಾನರ ಮುಖದಲ್ಲಿ ಹಳೆಯ ಕಾರ್ಖಾನೆಯ ಕಳೆ ಮೂಡಿತು.

ಮೂರನೆಯ ದಿನ ನಸುಕಿನಲ್ಲಿ ಆಕೆಯ ಕಾಲು ಹುಲ್ಲಿನ ಮರೆಯಲ್ಲಿದ್ದ ಗಾಲಿಯ ಹಳ್ಳಕ್ಕೆ ಇಳಿಯಿತು. ಪಾದ ಉಳುಕಿತು. ಮೂಳೆ ಮುರಿಯದಿದ್ದುದೇ ಪುಣ್ಯ. ಅರಿಶಿನದ ಪಟ್ಟು ಹಾಕಿಕೊಂಡು ಮಂಚದ ಮೇಲೆ ಕುಳಿತ ಆಕೆ ಗಂಡನಿಗೆ ಹೇಳಿದ್ದು ಒಂದೇ ಮಾತು: “ಹುಲ್ಲು ಕತ್ತರಿಸಿ ಎಂದರೆ ನೆಲ ಉತ್ತಿರಲ್ಲ!”

ಯಜಮಾನರು ಮರುಮಾತಾಡಲಿಲ್ಲ. ಹಳೆಯ ನೋಟುಪುಸ್ತಕವನ್ನು ತೆಗೆದು ಲೆಕ್ಕಕ್ಕೆ ಕುಳಿತರು. ಮೊದಲು ಮಾಡಬೇಕಾಗಿದ್ದ ಲೆಕ್ಕವದು.

ಅಳಿಯನ ಟ್ರ್ಯಾಕ್ಟರಿನ ತೂಕ ಸುಮಾರು ಎರಡು ಟನ್ನು. ಕತ್ತಿಯ ಭಾರ ಬೇರೆ. 20 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರಾದರೆ ಒಂದು ಟನ್ನನ್ನೂ ಮುಟ್ಟುವುದಿಲ್ಲ. ಹುಲ್ಲು ಕತ್ತರಿಸುವ ಕತ್ತಿಗೆ ಅಗಲದ ಒಂದೊಂದು ಅಡಿಗೂ ಸುಮಾರು ಐದು ಅಶ್ವಶಕ್ತಿ ಇದ್ದರೆ ಸಾಕು. ಆದುದರಿಂದ ಚಿಕ್ಕದು ನಾಲ್ಕಡಿಯ ಕತ್ತಿಯನ್ನು ತಿರುಗಿಸಬಲ್ಲುದು. ಒಂದು ಎಕರೆಗೆ ನಡಿಗೆಯ ವೇಗದಲ್ಲಿ ಆರಡಿಯ ಕತ್ತಿ ಅರ್ಧ ಗಂಟೆಗೆ ತುಸು ಹೆಚ್ಚು ತೆಗೆದುಕೊಂಡರೆ, ನಾಲ್ಕಡಿಯದು ಒಂದು ಗಂಟೆಯೊಳಗೆ ಮುಗಿಸುತ್ತದೆ. ಉಳಿತಾಯ ಇಪ್ಪತ್ತು ನಿಮಿಷವೂ ಇಲ್ಲ. ಆ ಇಪ್ಪತ್ತು ನಿಮಿಷಕ್ಕೆ ತೆತ್ತ ಬೆಲೆ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕುಳಿತಿತ್ತು.

ಅಳಿಯ ಅಪರಾಧಿಯಂತೆ ಬಂದು ನಿಂತು, “ಟೈರಿನ ಗಾಳಿ ಇಳಿಸಿದರೆ ಆಗದೆ, ಮಾವ?” ಎಂದ.

“ಮೇಲ್ಪದರಕ್ಕೆ ಆಗುತ್ತದೆ, ಅಳಿಯಂದಿರೇ,” ಎಂದರು ಯಜಮಾನರು. ಟೈರಿನೊಳಗಿನ ಗಾಳಿಯ ಒತ್ತಡ ಎಷ್ಟೋ ನೆಲದ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಗಾಳಿ ತಗ್ಗಿದಷ್ಟೂ ಗಾಲಿ ಅಗಲವಾಗಿ ನೆಲವನ್ನು ಮುಟ್ಟಿ ಹಗುರಾಗುತ್ತದೆ. ಆದರೆ ಆಳದ ಮಣ್ಣು ಗಾಳಿಯ ಲೆಕ್ಕವನ್ನು ಕೇಳುವುದಿಲ್ಲ. ಅಚ್ಚಿನ ಮೇಲಿರುವ ಒಟ್ಟು ಭಾರವನ್ನು ಕೇಳುತ್ತದೆ. ಹಸಿಮಣ್ಣಿನ ಕಣಗಳ ನಡುವಣ ಸಂದುಗಳು ಒಮ್ಮೆ ಮುಚ್ಚಿದರೆ ಬೇರಿಗೆ ಉಸಿರಿಲ್ಲ, ನೀರಿಗೆ ದಾರಿಯಿಲ್ಲ. ಇನ್ನು ಗದ್ದೆಯ ಟೈರಿಗೆ ಎತ್ತರದ ಹಲ್ಲುಗಳಿರುವುದೇ ಮಣ್ಣನ್ನು ಕಚ್ಚಲೆಂದು. ಕೆಸರಿನಲ್ಲಿ ಅದು ಗುಣ, ಹುಲ್ಲುಹಾಸಿನ ಮೇಲೆ ಅದೇ ಅವಗುಣ. ತಿರುವಿನಲ್ಲಂತೂ ಬೇರುಸಹಿತ ಕಿತ್ತು ಹಾಕುತ್ತದೆ. ಇಲ್ಲಿಗೆ ಬೇಕಾದದ್ದು ಅಗಲವಾದ, ಹಲ್ಲು ತಗ್ಗಿದ ಟೈರು.

ಈ ಜಾಣ್ಮೆ ಹೊಸದೇನೂ ಅಲ್ಲ. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ, ಗಿರಣಿಯಲ್ಲಿ ಉಣ್ಣೆಬಟ್ಟೆಯ ನವಿರನ್ನು ಕತ್ತರಿಸುವ ಸುರುಳಿಕತ್ತಿಯನ್ನು ಕಂಡು, ಹುಲ್ಲು ಕತ್ತರಿಸುವ ಮೊದಲ ಯಂತ್ರವನ್ನು ನಿರ್ಮಿಸಿದ. ಮುಂದೆ ಇಂಥ ಯಂತ್ರಗಳು ದೊಡ್ಡದಾಗಿ ಅವನ್ನೆಳೆಯಲು ಕುದುರೆ ಬಂದಾಗ, ಗೊರಸಿನ ಗುರುತು ಹುಲ್ಲಿನಲ್ಲಿ ಮೂಡಬಾರದೆಂದು ಅಲ್ಲಿನ ತೋಟಗಾರರು ಕುದುರೆಗೆ ತೊಗಲಿನ ಪಾದರಕ್ಷೆ ತೊಡಿಸುತ್ತಿದ್ದರು! ಕುದುರೆಗಿದ್ದ ಆ ಮರ್ಯಾದೆ ಟ್ರ್ಯಾಕ್ಟರಿಗೇಕೆ ಬೇಡ?

ಮಲೆನಾಡಿನ ಅಂಚಿನಲ್ಲಿರುವ ಊರಿಗೆ ಇನ್ನೊಂದು ತೊಡಕುಂಟು. ಹುಲ್ಲು ಭರದಿಂದ ಬೆಳೆಯುವುದು ಮಳೆಗಾಲದಲ್ಲಿ. ನೆಲ ಮೆತ್ತಗಾಗಿರುವುದೂ ಆಗಲೇ. ಯಂತ್ರವು ಅತ್ಯಗತ್ಯವೆನಿಸುವ ದಿನವೇ ಅದನ್ನು ದೂರವಿಡಬೇಕಾದ ದಿನ.

ಕೊನೆಗೆ ಬಡಾವಣೆಯವರು ಚಿಕ್ಕ ಟ್ರ್ಯಾಕ್ಟರೊಂದನ್ನು ನಾಲ್ಕಡಿಯ ಕತ್ತಿಯೊಡನೆ ಬಾಡಿಗೆಗೆ ಗೊತ್ತುಮಾಡಿದರು. ಯಜಮಾನರು ಕಟ್ಟಳೆಗಳನ್ನು ಬರೆದಿಟ್ಟರು: ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು, ಪ್ರತಿ ಸಲವೂ ಓಡಿಸುವ ದಿಕ್ಕನ್ನು ಬದಲಿಸಬೇಕು, ತಿರುವು ವಿಶಾಲವಾಗಿರಬೇಕು, ಹಿಮ್ಮಡಿಯೂರಿದರೆ ನೀರು ಒಸರುವ ದಿನ ಗಾಲಿ ಒಳಗೆ ಬರಕೂಡದು.

ಗರಿಕೆ ಕ್ಷಮಾಶೀಲ ಹುಲ್ಲು. ಗಣಪತಿಗೆ ಪ್ರಿಯವಾದುದು ಸುಮ್ಮನೆಯೆ? ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಹರಿದು, ಕಾರ್ತಿಕದ ಹೊತ್ತಿಗೆ ಅದು ಗಾಯಗಳನ್ನೆಲ್ಲ ಹಸಿರಿನಿಂದ ಮುಚ್ಚಿತು. ಹಳ್ಳಗಳಿಗೆ ಮಣ್ಣು ತುಂಬಿಸಿದ ಮೇಲೆ ಆಕೆಯೂ ನಡಿಗೆಗೆ ಇಳಿದರು. ಆದರೆ ಮರುವರ್ಷದ ಮಳೆಯಲ್ಲಿ ಆ ಎರಡು ಗಾಲಿಗಳ ಜಾಡಿನುದ್ದಕ್ಕೂ ನೀರು ನಿಂತಿತು. ಹುಲ್ಲು ಮರೆತುದನ್ನು ನೆಲ ಮರೆತಿರಲಿಲ್ಲ.

ಆ ಆಷಾಢದ ಒಂದು ಬೆಳಗ್ಗೆ ಚಿಕ್ಕ ಟ್ರ್ಯಾಕ್ಟರು ಬಾಗಿಲಿಗೆ ಬಂದು ನಿಂತಿತು. ಯಜಮಾನರು ಚಪ್ಪಲಿ ಕಳಚಿ ಹಿಮ್ಮಡಿಯೂರಿ ನೋಡಿದರು. ಬೆರಳುಗಳ ಸುತ್ತ ನೀರು ಒಸರಿತು. ಚಾಲಕನಿಗೆ ಕಾಫಿ ಕೊಡಿಸಿ, ಬಿಸಿಲು ಬಿದ್ದ ಮೇಲೆ ಬರಹೇಳಿ ಕಳುಹಿಸಿದರು. ನೆರೆಯವರು ಗೊಣಗಿದರು. ಯಜಮಾನರು ಕೈಯಿಂದ ತಳ್ಳುವ ಪುಟ್ಟ ಯಂತ್ರವನ್ನು ಹೊರತೆಗೆದು, ಹೆಂಡತಿ ನಡೆಯುವ ದಾರಿಯಷ್ಟನ್ನೇ ಕತ್ತರಿಸತೊಡಗಿದರು.

ಜಗಲಿಯ ಮೇಲೆ ನಿಂತಿದ್ದ ಆಕೆ, “ನೀವೇ ಏಕೆ ಒದ್ದಾಡುತ್ತೀರಿ? ಅಳಿಯಂದಿರಿಗೆ ಹೇಳಿಕಳುಹಿಸಬಾರದೆ?” ಎಂದು ನಕ್ಕರು.

“ಬರಲಿ,” ಎಂದರು ಯಜಮಾನರು, “ನಡೆದುಕೊಂಡು ಬರಲಿ.”