ಲ್ಯಾಬ್ ಚೀಟಿಯ ಒಂದು ಪದ

ಹೆಪಟೈಟಿಸ್ ಸಿ ಪ್ರತಿಕಾಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ. ಅದರೊಡನೆ ದೇಹ ಎಂದೋ ಹೋರಾಡಿದ ಗುರುತನ್ನು. ರೋಗ ತಾನಾಗಿ ತೊಲಗಿದವರಲ್ಲೂ, ಔಷಧಿಯಿಂದ ಗುಣವಾದವರಲ್ಲೂ ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ವೈರಸ್ ಈಗಲೂ ಇದೆಯೇ ಎಂದು ತಿಳಿಸುವುದು ಆರ್‌ಎನ್‌ಎ ಪರೀಕ್ಷೆ.

ನಮ್ಮ ಆಪಾಗೆ 1996ರ ಹೆರಿಗೆಯಲ್ಲಿ ರಕ್ತ ಕೊಟ್ಟಿದ್ದರು. ದೇಶದ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಈಚೆಗೆ ಆಪರೇಷನ್ನಿಗೆಂದು ಹೋದಾಗ ಚೀಟಿಯಲ್ಲಿ ‘ರಿಯಾಕ್ಟಿವ್’ ಎಂದು ಬಂತು. ಅಂದೇ ಅವರ ತಟ್ಟೆ, ಲೋಟ ಬೇರೆಯಾದವು. ಮೊಮ್ಮಗನನ್ನು ಮಡಿಲಿಂದ ಎತ್ತಿಕೊಂಡರು. ಹದಿನೈದು ದಿನಗಳ ಮೇಲೆ ಆರ್‌ಎನ್‌ಎ ವರದಿ ಬಂತು: ವೈರಸ್ ಇರಲಿಲ್ಲ.

ಇದ್ದಿದ್ದರೂ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಿಂದ ಬಹುತೇಕರು ಗುಣವಾಗುತ್ತಾರೆ. 2018ರಲ್ಲಿ ಸರಕಾರ ಅದಕ್ಕೆ ಉಚಿತ ಚಿಕಿತ್ಸೆಯ ಕಾರ್ಯಕ್ರಮ ಆರಂಭಿಸಿತು. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಇದು ಹರಡದು. ಮೊದಲ ಚೀಟಿ ಬಂದಾಗ ಮಾಡಿಸಬೇಕಾದದ್ದು ಎರಡನೇ ಪರೀಕ್ಷೆಯೇ ಹೊರತು, ಬೇರೆ ಮಾಡಬೇಕಾದದ್ದು ಲೋಟವನ್ನಲ್ಲ.