ಲಿಫ್ಟರ್‌ನ ಕಾಲು ನೋಡಿ

ಜನರೆಲ್ಲ ನೆಟ್‌ನ ಎರಡೂ ಬದಿಗೆ ಮುತ್ತಿಕೊಂಡಿದ್ದಾರೆ. ನೀವು ಅಲ್ಲಿ ನಿಲ್ಲಬೇಡಿ. ಸುಣ್ಣದ ಗೆರೆಯ ಹಿಂದೆ, ಸರ್ವಿಸ್ ಮಾಡುವವನ ಬೆನ್ನಿಗೆ ಬನ್ನಿ. ಅಡಿಕೆ ಕೊಯ್ಲು ಮುಗಿದು ಮಲೆನಾಡು ಸ್ವಲ್ಪ ಬಿಡುವಾಗಿರುವ ಮಾರ್ಚ್ ತಿಂಗಳ ರಾತ್ರಿ, ನರಸಿಂಹರಾಜಪುರದಲ್ಲಿ ಹೊನಲು ಬೆಳಕಿನ ವಾಲಿಬಾಲ್. ಕೊಪ್ಪ, ಶೃಂಗೇರಿ, ಬಾಳೆಹೊನ್ನೂರಿನಿಂದ ಜೀಪಿನಲ್ಲಿ ತಂಡಗಳು ಬಂದಿವೆ. ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿ ನೆಲೆನಿಂತ ಮನೆಗಳ ಹುಡುಗರು ಎಡಗಡೆ ಗುಂಪುಗೂಡಿ ಮಲಯಾಳದಲ್ಲೇ ಕೂಗುತ್ತಿದ್ದಾರೆ. ಭದ್ರಾ ಹಿನ್ನೀರಿನ ಕಡೆಯಿಂದ ಗಾಳಿ ಬರುತ್ತಿದೆ. ಯಾವ ಕೆನ್ನೆಗೆ ತಾಗುತ್ತಿದೆ ಎಂದು ನೆನಪಿಟ್ಟುಕೊಳ್ಳಿ.

ಸೀಟಿ ಮೊಳಗಿತು. ಇನ್ನು ಸರ್ವಿಸ್‌ಗೆ ಇರುವುದು 8 ಸೆಕೆಂಡು. ಹಸಿರು ಜರ್ಸಿಯ ಸಣಕಲು ಹುಡುಗ ಚೆಂಡನ್ನು ಮೇಲೆಸೆದು, ಅದು ಸುತ್ತದಂತೆ ಅಂಗೈಯ ಬುಡದಿಂದ ಹೊಡೆಯುತ್ತಾನೆ. ಸುತ್ತದ ಚೆಂಡಿಗೆ ನೆಟ್ಟಗಿನ ದಾರಿಯಿಲ್ಲ. ಈ ಗಾಳಿಗಂತೂ ನೆಟ್ ದಾಟಿದ ಮೇಲೆ ಓಲಾಡಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಆದರೆ ನೀವು ಚೆಂಡಿನ ಹಿಂದೆ ಹೋಗಬೇಡಿ. ಆಚೆಯ ಅಂಗಳದ ಲಿಫ್ಟರ್‌ನ ಕಾಲು ನೋಡಿ.

ಅವನು ನೆಟ್‌ಗೆ ಅಂಟಿಕೊಂಡು, ನಡುವಿಗಿಂತ ತುಸು ನಿಮ್ಮ ಎಡಕ್ಕೆ ನಿಂತಿದ್ದಾನೆ. ಪಾಸ್ ಅಲ್ಲಿಗೇ ಬಂದರೆ ಅವನ ಕೈಯಲ್ಲಿ ಮೂರು ದಾರಿ: ನಡುವಿನವನಿಗೆ ಗಿಡ್ಡ ಚೆಂಡು, ಮುಂದಿನ ಮೂಲೆಗೆ, ಇಲ್ಲವೇ ಬೆನ್ನ ಹಿಂದಕ್ಕೆ. ಈ ಸಲ ಚೆಂಡು ಪಾಸ್ ಮಾಡುವವನ ತೋಳಿಗೆ ತಪ್ಪಾಗಿ ತಾಗಿ 3 ಮೀಟರ್ ಗೆರೆಯ ಹಿಂದಕ್ಕೆ ಸಿಡಿಯಿತು. ಲಿಫ್ಟರ್ ನಾಲ್ಕು ಹೆಜ್ಜೆ ಓಡಿ, ಬಗ್ಗಿ, ಮೂಲೆಗೆ ಎತ್ತರದ ಚೆಂಡು ಕೊಟ್ಟ. ಉಳಿದದ್ದು ಅದೊಂದೇ ದಾರಿ. ಇತ್ತ ಬ್ಲಾಕ್‌ಗೆ ಇಬ್ಬರು ಆಗಲೇ ಹಾರಿದ್ದಾರೆ. ಠಪ್ಪೆಂದು ಚೆಂಡು ಕೆಳಗೆ!

ಕಾಮೆಂಟರಿಯವರು ಬ್ಲಾಕ್ ಮಾಡಿದವನ ಹೆಸರು ಕೂಗುತ್ತಾರೆ. ನಿಮ್ಮ ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತಿರುವ ಹಿರಿಯರು ತಲೆಯಾಡಿಸುತ್ತಾರೆ. "ಅದು ಸರ್ವಿಸ್‌ನ ಪಾಯಿಂಟ್ ಮಾರಾಯ್ರೆ. ಬ್ಲಾಕಿನವ್ರಿಗೆ ಎಲ್ಲಿ ಹಾರ್ಬೇಕು ಅಂತ ಅವನೇ ಹೇಳಿಕೊಟ್ಟ."

ಅವರ ಮಾತು ಸರಿ. ಈ ಹುಡುಗನ ಲೆಕ್ಕ ಬರೆದರೆ ಇವತ್ತು ನೇರ ಪಾಯಿಂಟ್ ಎರಡು, ಹಾಳು ಮಾಡಿದ ಸರ್ವಿಸ್ ಮೂರು. ಕಾಗದದ ಮೇಲೆ ಬಡಪಾಯಿ. ಆದರೆ ಎದುರಿನ ಲಿಫ್ಟರ್‌ನ ಅಂಗಿ ನೋಡಿ, ಬೆವರಿಗೆ ಬೆನ್ನಿಗಂಟಿದೆ. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಒದ್ದು ಎದುರಾಳಿಗೇ ಒಪ್ಪಿಸುವ ಪಂಟರ್‌ನ ಪಾಡೂ ಇದೇ. ಎಷ್ಟು ದೂರ ಒದ್ದ ಎಂಬ ಲೆಕ್ಕ ಸುಲಭ. ಎದುರಾಳಿ ಅದನ್ನು ಎಷ್ಟು ವಾಪಸು ತಂದ, ಎಂಥ ಇಕ್ಕಟ್ಟಿನ ಜಾಗದಿಂದ ಆಟ ಶುರುಮಾಡಬೇಕಾಯಿತು ಎಂಬುದರಲ್ಲಿದೆ ಅವನ ಬೆಲೆ. ಬರೀ ಪಂಟರ್ ಆಗಿಯೇ ಆಡಿದ ರೇ ಗೈ ಅಲ್ಲಿನ ಹಾಲ್ ಆಫ್ ಫೇಮ್ ಸೇರಿದ್ದು 2014ರಲ್ಲಿ, ಅಂಥವರಲ್ಲಿ ಅವನೇ ಮೊದಲಿಗ. ನಮ್ಮ ಪಂದ್ಯಾವಳಿಗಳಲ್ಲಿ ಬೆಸ್ಟ್ ಅಟ್ಯಾಕರ್‌ಗೆ, ಬೆಸ್ಟ್ ಲಿಫ್ಟರ್‌ಗೆ ಟ್ರೋಫಿ ಕೊಡುತ್ತಾರೆ. ಸರ್ವಿಸ್‌ಗೂ ಒಂದು ಇಡಬೇಕು.

24-24. ಮತ್ತೆ ಹಸಿರು ಜರ್ಸಿಯವನ ಸರದಿ. ಹಿಂದಿನ ಕಾಲದಲ್ಲಿ ಸರ್ವಿಸ್ ಕೆಟ್ಟರೆ ಹೋಗುತ್ತಿದ್ದುದು ಸರ್ವಿಸ್ ಮಾತ್ರ, ಪಾಯಿಂಟ್ ಅಲ್ಲ. 1998ರಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ ಪ್ರತಿ ರ‍್ಯಾಲಿಗೂ ಪಾಯಿಂಟ್ ಎಂಬ ನಿಯಮ ಒಪ್ಪಿದ ಮೇಲೆ ಒಂದು ತಪ್ಪು ಎಂದರೆ ಎದುರಾಳಿಗೆ ಒಂದು ಪಾಯಿಂಟ್. ಆ ಭಾರ ಅವನ ಭುಜದಲ್ಲಿ ಕಾಣುತ್ತಿದೆ. "ಒಳಗೆ ಹಾಕೋ ಸಾಕು!" ಎಂದು ಬದಿಯಿಂದ ಯಾರೋ ಕೂಗಿದರು.

ಒಳಗೇ ಹಾಕಿದ. ಮೆತ್ತಗೆ, ನೇರವಾಗಿ, ಹಿಂದೆ ನಿಂತವನ ತೋಳಿಗೆ. ಲಿಫ್ಟರ್ ಕಾಲು ಕದಲಿಸಲಿಲ್ಲ. ನಡುವಿಗೆ ಗಿಡ್ಡ ಚೆಂಡು, ಬ್ಲಾಕ್ ಏಳುವ ಮೊದಲೇ ಹೊಡೆತ, ಕೆಂಪು ಧೂಳು. 24-25. ಅಟ್ಯಾಕರ್‌ನ ಹೆಸರು ಮೈಕಿನಲ್ಲಿ ಮೊಳಗುತ್ತದೆ. ಸರ್ವಿಸ್ ಮಾಡಿದವನ ಹೆಸರಿನ ಮುಂದೆ ತಪ್ಪೇನೂ ದಾಖಲಾಗುವುದಿಲ್ಲ.

"ಹೊರಗೆ ಹೋಗಿದ್ರೂ ಅಡ್ಡಿರ್ಲಿಲ್ಲ, ಅವನ ಸರ್ವಿಸ್ ಅವನು ಮಾಡ್ಬೇಕಿತ್ತು," ಹಿರಿಯರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಇಡೀ ರಾತ್ರಿಯಲ್ಲಿ ಅವನ ಅತ್ಯಂತ ಕೆಟ್ಟ ಸರ್ವಿಸ್ ಇದೇ. ನೆಟ್‌ಗೆ ಹೊಡೆದ ಆ ಮೂರೂ ಇದಕ್ಕಿಂತ ವಾಸಿ.

ಈಗ ಸರ್ವಿಸ್ ಆಚೆ ಕಡೆಗೆ. ಹಿರಿಯರು ಪಂಚೆ ಎತ್ತಿ ಕಟ್ಟಿ, ಜನರ ನಡುವೆ ನುಸುಳಿ ಎದುರು ತುದಿಗೆ ಹೊರಟಿದ್ದಾರೆ. ಬೇಗ ಬನ್ನಿ, 8 ಸೆಕೆಂಡು ಅಷ್ಟೇ.